ವಾಪಸು ಬರುವ ಉಸಿರಿನ ಲೆಕ್ಕ

ನಮ್ಮ ವಸಂತಪುರದಲ್ಲಿ ಆಳದ ಮಾತು ಬಂದರೆ ಅದು ಬೋರ್‌ವೆಲ್ಲಿನ ಮಾತು ಎಂದೇ ಅರ್ಥ. ಬೆಳಿಗ್ಗೆ ವಸಂತ ವಲ್ಲಭರಾಯ ಸ್ವಾಮಿ ದೇವಸ್ಥಾನದ ಕಡೆ ವಾಕಿಂಗ್ ಹೊರಟವರು, ಹಾಲಿನ ಬೂತಿನ ಮುಂದೆ ನಿಂತವರು, ಹೊಸದಾಗಿ ಮನೆಗೆ ಪಾಯ ತೆಗೆಸಿದವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ನಿಮ್ಮದು ಎಷ್ಟು ಅಡಿಗೆ ಹೋಯಿತು?” ಸಾವಿರ ಅಡಿ ಎಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. “ನೀರು ಬಿತ್ತಾ?” ಎಂದು ಮಾತ್ರ ಕೇಳುತ್ತಾರೆ.

ಆ ಸಾವಿರ ಅಡಿಯ ಕೊಳವೆಬಾವಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಅದನ್ನು ಒಬ್ಬ ಮನುಷ್ಯ ಹಿಡಿಸುವಷ್ಟು ಅಗಲ ಮಾಡಿ, ಬಾಯಿಯ ತನಕ ನೀರು ತುಂಬಿಸಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡವನೊಬ್ಬನನ್ನು ತಳಕ್ಕೆ ಕಳಿಸಿ. ದಕ್ಷಿಣ ಆಫ್ರಿಕಾದ ನುನೊ ಗೋಮೆಸ್ 2005ರ ಜೂನ್‌ನಲ್ಲಿ ಈಜಿಪ್ಟಿನ ದಹಬ್ ಎಂಬ ಊರಿನ ಹತ್ತಿರ ಕೆಂಪು ಸಮುದ್ರದಲ್ಲಿ ಇಳಿದದ್ದು ಅಷ್ಟು ಆಳಕ್ಕೆ. 318 ಮೀಟರ್, ಅಂದರೆ 1,043 ಅಡಿ. ಇಳಿಯುವುದಕ್ಕೆ ಹಿಡಿದದ್ದು ಸುಮಾರು 14 ನಿಮಿಷ. ಮೇಲೆ ಬರುವುದಕ್ಕೆ ಸುಮಾರು 12 ಗಂಟೆ!

ಹದಿನಾಲ್ಕು ನಿಮಿಷದ ಇಳಿತಕ್ಕೆ ಅರ್ಧ ದಿನದ ಏರು ಏಕೆ? ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಟ್ಯಾಂಕರ್ ನೀರಿಗೆ ಕಾಯುತ್ತಾ ಕೂರುವ ನನಗೆ ಈ ಪ್ರಶ್ನೆ ಹುಟ್ಟಬೇಕಾದ ಕಾರಣವೇ ಇರಲಿಲ್ಲ. ಅದನ್ನು ಮನೆಬಾಗಿಲಿಗೆ ತಂದವನು ನನ್ನ ತಮ್ಮನ ಮಗ.

ಮನೆಯಲ್ಲಿ ಎಲ್ಲರಿಗೂ ಅವನು ಪುಟ್ಟ. ಪುಟ್ಟನಿಗೆ ಮೂವತ್ತೊಂದು ವರ್ಷ, ಸಾಫ್ಟ್‌ವೇರ್ ಕೆಲಸ. ಆರು ವರ್ಷದ ಹಿಂದೆ ಗೆಳೆಯರ ಜೊತೆ ಮುರುಡೇಶ್ವರಕ್ಕೆ ಹೋದವನು ಅಲ್ಲಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿಬಂದ. ದಡದಿಂದ ಹತ್ತೊಂಬತ್ತು ಕಿಲೋಮೀಟರ್ ಆಚೆ ಇರುವ, ಮೇಲಿನಿಂದ ನೋಡಿದರೆ ಹೃದಯದ ಆಕಾರ ಕಾಣುವ ಈ ದ್ವೀಪದ ಸುತ್ತ ಮಳೆಗಾಲ ಕಳೆದ ಮೇಲೆ ನೀರು ತಿಳಿಯಾಗುತ್ತದೆ. ಹೊಸಬರನ್ನು ಕೈಹಿಡಿದು ಹತ್ತು ಹನ್ನೆರಡು ಮೀಟರ್ ಆಳಕ್ಕೆ ಕರೆದುಕೊಂಡು ಹೋಗಿ ಹವಳ, ಮೀನು ತೋರಿಸಿ ಕರೆತರುತ್ತಾರೆ. ಪುಟ್ಟ ಬಂದು ಹೇಳಿದ್ದು ಮೀನಿನ ವಿಷಯವನ್ನಲ್ಲ. “ಅತ್ತೆ, ಅಲ್ಲಿ ಶಬ್ದವೇ ಇಲ್ಲ. ನನ್ನ ಉಸಿರು ಮಾತ್ರ ಕೇಳಿಸ್ತಿತ್ತು” ಎಂದ. ದಿನಕ್ಕೆರಡು ಸಲ ಕೋಣನಕುಂಟೆ ಕ್ರಾಸ್ ದಾಟುವವನಿಗೆ ಆ ನಿಶ್ಶಬ್ದ ಎಷ್ಟು ರುಚಿಸಿರಬೇಕೆಂದು ಬೇರೆ ಹೇಳಬೇಕಿಲ್ಲ.

ರುಚಿ ಹತ್ತಿದ ಮೇಲೆ ಒಂದಾದ ಮೇಲೊಂದು ತರಬೇತಿ. ಅಂಡಮಾನ್, ಆಮೇಲೆ ಹೊರದೇಶ. ಕಳೆದ ವರ್ಷ ಒಂದು ದಿನ, ದಹಬ್‌ಗೆ ಹೋಗಿ 80 ಮೀಟರ್ ಇಳಿಯುತ್ತೇನೆ ಎಂದ. ಅವನ ಅಮ್ಮ ಅದೇ ಸಂಜೆ ನಮ್ಮ ಮನೆಗೆ ಬಂದು ಕಣ್ಣೊರೆಸಿಕೊಂಡಳು. “ಅತ್ತಿಗೆ, ನಿಮ್ಮ ಮಾತು ಅಂದರೆ ಕೇಳ್ತಾನೆ. ಬೇಡ ಅಂತ ಒಂದು ಮಾತು ಹೇಳಿಬಿಡಿ.”

ಬೇಡ ಎನ್ನುವುದು ಸುಲಭ. ಆದರೆ ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳು ಲೆಕ್ಕ ನೋಡದೆ ಉತ್ತರ ಹೇಳುವುದುಂಟೆ? “ಭಾನುವಾರ ನೋಟ್‌ಬುಕ್ ತಗೊಂಡು ಬಾ” ಎಂದು ಪುಟ್ಟನಿಗೆ ಫೋನ್ ಮಾಡಿದೆ. ಅವನು ಬಂದ. ಊಟದ ಮೇಜಿನ ಮೇಲೆ ಲೆಕ್ಕ ಶುರುವಾಯಿತು.

ಮೊದಲ ಪಾಠ ನನಗೆ ಗೊತ್ತಿದ್ದದ್ದೇ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದೊಂದು ಇಡೀ ವಾತಾವರಣದಷ್ಟು ಒತ್ತಡ ನಮ್ಮ ಮೇಲೆ ಸೇರುತ್ತದೆ. ಸಮುದ್ರದ ಮೇಲೆ ಒಂದು, 10 ಮೀಟರಿನಲ್ಲಿ ಎರಡು, 40ರಲ್ಲಿ ಐದು, 80ರಲ್ಲಿ ಒಂಬತ್ತು. ಎದೆಗೂಡು ಅಮುಕಿಹೋಗದಿರಬೇಕಾದರೆ ಶ್ವಾಸಕೋಶದ ಒಳಗಿನ ಗಾಳಿಯೂ ಅಷ್ಟೇ ಒತ್ತಡದಲ್ಲಿರಬೇಕು. ಸಿಲಿಂಡರಿನ ರೆಗ್ಯುಲೇಟರ್ ಮಾಡುವ ಕೆಲಸ ಅದು. ಹಾಗಾಗಿ 80 ಮೀಟರಿನಲ್ಲಿ ಒಂದು ಉಸಿರೆಳೆದರೆ ದಡದ ಮೇಲೆ ಒಂಬತ್ತು ಉಸಿರಿಗೆ ಆಗುವಷ್ಟು ಗಾಳಿ ಒಳಗೆ ಹೋಗುತ್ತದೆ. ದೇಹಕ್ಕೆ ಬೇಕಾದದ್ದು ಅಷ್ಟೇ ಆಮ್ಲಜನಕ. ಸಿಲಿಂಡರಿನಿಂದ ಖರ್ಚಾಗುವುದು ಒಂಬತ್ತು ಪಟ್ಟು.

ಪುಟ್ಟ ಬೆನ್ನಿಗೆ ಹಾಕಿಕೊಳ್ಳುವುದು 12 ಲೀಟರಿನ ಎರಡು ಸಿಲಿಂಡರ್. ವಾತಾವರಣದ 200 ಪಟ್ಟು ಒತ್ತಡದಲ್ಲಿ ತುಂಬಿದರೆ ಒಂದೊಂದರಲ್ಲಿ 2,400 ಲೀಟರ್, ಒಟ್ಟು 4,800 ಲೀಟರ್. ಗಾಬರಿಯಿಲ್ಲದ ಡೈವರ್ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾನೆಂದು ಇಟ್ಟುಕೊಳ್ಳಿ. ದಡದ ಮೇಲಾದರೆ ನಾಲ್ಕು ಗಂಟೆ ಬರುತ್ತದೆ. 80 ಮೀಟರಿನಲ್ಲಿ ನಿಮಿಷಕ್ಕೆ 180 ಲೀಟರ್. ಇಪ್ಪತ್ತಾರು ನಿಮಿಷಕ್ಕೆ ಖಾಲಿ!

“ಹಾಗಾದರೆ ಕೆಳಗೆ ಎಷ್ಟು ಹೊತ್ತು ಇರ್ತೀಯ?” ಎಂದೆ.

“ಲೆಕ್ಕ ಆ ಕಡೆಯಿಂದ ಶುರು ಮಾಡೋದೇ ಇಲ್ಲ ಅತ್ತೆ” ಎಂದ ಪುಟ್ಟ. “ಕೆಟ್ಟ ಗಳಿಗೆಯಿಂದ ಶುರು ಮಾಡಬೇಕು.”

ಕೆಟ್ಟ ಗಳಿಗೆ ಯಾವುದು? ಅತಿ ಆಳದಲ್ಲಿ, ವಾಪಸು ಹೊರಡಬೇಕೆನ್ನುವ ಹೊತ್ತಿನಲ್ಲಿ, ಜೊತೆಗಾರನ ಗಾಳಿ ಪೂರ್ತಿ ನಿಂತುಹೋಗುವುದು. ಆಗ ಇಬ್ಬರೂ ಒಬ್ಬನ ಸಿಲಿಂಡರಿನಿಂದಲೇ ಉಸಿರಾಡಬೇಕು. ಹೆದರಿದವರು ನಿಮಿಷಕ್ಕೆ 20 ಲೀಟರ್ ಅಲ್ಲ, 30 ಎಳೆಯುತ್ತಾರೆಂದು ಹಿಡಿಯಿರಿ. ಏನಾಯಿತೆಂದು ನೋಡಿ ಸರಿಪಡಿಸಿಕೊಳ್ಳಲು ತಳದಲ್ಲಿ ಎರಡು ನಿಮಿಷ: ಇಬ್ಬರಿಗೆ 1,080 ಲೀಟರ್. ಅಲ್ಲಿಂದ ನಿಮಿಷಕ್ಕೆ 10 ಮೀಟರಿನಂತೆ ಏರಿ, 40 ಮೀಟರಿನಲ್ಲಿ ಬೇರೆ ಸಿಲಿಂಡರಿಗೆ ಬದಲಾಯಿಸಿಕೊಳ್ಳುವ ತನಕ ನಾಲ್ಕು ನಿಮಿಷ: 1,680 ಲೀಟರ್. ಒಟ್ಟು 2,760. ಇದನ್ನು ಮೊದಲು ಬದಿಗೆ ತೆಗೆದಿಡಬೇಕು. ಉಳಿದದ್ದು 2,040. ಅದರಲ್ಲಿ ಇಳಿಯುವುದಕ್ಕೆ 400 ಹೋಗುತ್ತದೆ. ಮಿಕ್ಕಿದ್ದರಲ್ಲಿ ತಳದಲ್ಲಿ ಇರಬಹುದಾದದ್ದು ಒಂಬತ್ತು ನಿಮಿಷ.

ಆ ಕಾಗದವನ್ನು ನಾನು ಬಹಳ ಹೊತ್ತು ನೋಡಿದೆ. ಅವನ ಬೆನ್ನ ಮೇಲಿನ ಗಾಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅವನದಲ್ಲ. ಅದು ಜೊತೆಗಾರನದು, ವಾಪಸು ದಾರಿಯದು. ನಮ್ಮ ಅಡುಗೆಮನೆಯ ಗ್ಯಾಸ್ ಮುಗಿಯುತ್ತಾ ಬಂದರೆ ನಾವು ಸಿಲಿಂಡರನ್ನು ಅಲ್ಲಾಡಿಸಿ ನೋಡುತ್ತೇವೆ. ತೀರಿದರೆ ಪಕ್ಕದ ಮನೆಯಿಂದ ತರುತ್ತೇವೆ. ಅಲ್ಲಿ ಪಕ್ಕದ ಮನೆಯನ್ನು ಇಳಿಯುವ ಮುಂಚೆಯೇ ಬೆನ್ನಿಗೆ ಕಟ್ಟಿಕೊಂಡಿರಬೇಕು.

ನೀರು ತುಂಬಿದ ಗುಹೆಗಳಲ್ಲಿ ಮುಳುಗುವವರು ಇದನ್ನೇ ಇನ್ನೂ ಸರಳವಾಗಿ ಮೂರು ಪಾಲು ಮಾಡಿದ್ದಾರೆ. ಒಂದು ಪಾಲು ಹೋಗುವುದಕ್ಕೆ, ಒಂದು ಬರುವುದಕ್ಕೆ, ಮೂರನೆಯದು ಆಪತ್ತಿಗೆ. ಈ ನಿಯಮವನ್ನು ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ಫ್ಲಾರಿಡಾದ ಷೆಕ್ ಎಕ್ಸ್‌ಲಿ ಮುಖ್ಯರು. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದರೆಂದು ತಿಳಿದಾಗ ನನಗೆ ಎಲ್ಲಿಲ್ಲದ ಅಭಿಮಾನ ಬಂತು. ಗುಹೆಗಳಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿ, ಯಾವ ನಿಯಮ ಮುರಿದದ್ದರಿಂದ ಸತ್ತರು ಎಂದು 1979ರಲ್ಲಿ ಅವರು ಪುಸ್ತಕ ಬರೆದರು. ಅದನ್ನು ಓದಿ ಬದುಕಿಕೊಂಡವರು ಎಷ್ಟು ಮಂದಿಯೋ! ಆದರೆ ಅವರೇ 1994ರ ಏಪ್ರಿಲ್ 6ರಂದು ಮೆಕ್ಸಿಕೋದ ಸಕತೋನ್ ಎಂಬ ನೀರಿನ ಕೂಪಕ್ಕೆ ಇಳಿದು ಜೀವಂತವಾಗಿ ಬರಲಿಲ್ಲ. ಅವರ ಆಳದ ಮೀಟರ್ 268 ಮೀಟರ್ ತೋರಿಸುತ್ತಿತ್ತು. ನಿಯಮ ಬರೆದವರನ್ನೂ ಆಳ ಬಿಡುವುದಿಲ್ಲ.

ಏಕೆಂದರೆ ಗಾಳಿ ಎಷ್ಟಿದೆ ಎನ್ನುವುದು ಲೆಕ್ಕದ ಅರ್ಧ ಭಾಗ ಮಾತ್ರ. ಅಲ್ಲಿ ಗಾಳಿಯ ಗುಣವೇ ಬದಲಾಗುತ್ತದೆ.

ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ನಮಗೆ ಅದರಿಂದ ಉಪಕಾರವೂ ಇಲ್ಲ, ಅಪಕಾರವೂ ಇಲ್ಲ. ಆದರೆ 30 ಮೀಟರ್ ದಾಟಿದ ಮೇಲೆ ಇದೇ ಸಾಧು ಅನಿಲ ಹೆಂಡದಂತೆ ತಲೆಗೇರುತ್ತದೆ. ಕೆಲವರಿಗೆ ಭಯ, ಕೆಲವರಿಗೆ ವಿನಾಕಾರಣ ಆನಂದ. ಅಮಲೇರಿದವನಿಗೆ ತನಗೆ ಅಮಲೇರಿದೆ ಎಂದು ತಿಳಿಯದಿರುವುದೇ ಇದರಲ್ಲಿರುವ ದೊಡ್ಡ ಅಪಾಯ. 1947ರಲ್ಲಿ ಫ್ರಾನ್ಸಿನಲ್ಲಿ ಕುಸ್ತೋ ಅವರ ಸಂಗಡಿಗ ಮಾರಿಸ್ ಫಾರ್ಗ್ ಬರಿಯ ಗಾಳಿಯನ್ನೇ ಉಸಿರಾಡುತ್ತಾ ಆಳದ ದಾಖಲೆಗೆ ಹೊರಟರು. ಹಗ್ಗಕ್ಕೆ ಅಲ್ಲಲ್ಲಿ ಹಲಗೆ ಕಟ್ಟಿದ್ದರು. ಮುಟ್ಟಿದ ಆಳದಲ್ಲಿ ಸಹಿ ಹಾಕಿ ಬರಬೇಕು. ಹಗ್ಗ ಎಳೆದಾಗ ಅವರು ಪ್ರಜ್ಞೆ ಇಲ್ಲದೆ ಬಂದರು, ಬದುಕಲಿಲ್ಲ. 120 ಮೀಟರಿನ ಹಲಗೆಯ ಮೇಲೆ ಅವರ ಸಹಿ ಇತ್ತು.

ಸರಿ, ಸಾರಜನಕ ಕೆಟ್ಟದ್ದು, ಆಮ್ಲಜನಕ ಒಳ್ಳೆಯದಲ್ಲವೇ? ಅತಿಯಾದರೆ ಅಮೃತವೂ ವಿಷ ಎಂದು ನಮ್ಮವರು ಸುಮ್ಮನೆ ಹೇಳಿಲ್ಲ. ಒತ್ತಡ ಹೆಚ್ಚಿದಾಗ ಆಮ್ಲಜನಕ ಮೆದುಳಿಗೆ ನಂಜಾಗುತ್ತದೆ. ಪಾಲ್ ಬೆರ್ ಎಂಬ ಫ್ರೆಂಚ್ ವಿಜ್ಞಾನಿ 1878ರಲ್ಲೇ ಇದನ್ನು ತೋರಿಸಿಕೊಟ್ಟರು. ಮುನ್ಸೂಚನೆ ಕೊಟ್ಟೋ ಕೊಡದೆಯೋ ಮೂರ್ಛೆರೋಗದವರಂತೆ ಸೆಳೆತ ಬರುತ್ತದೆ. ನೆಲದ ಮೇಲೆ ಸೆಳೆತ ಬಂದವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ನೀರಿನೊಳಗೆ ಬಂದರೆ ಬಾಯಲ್ಲಿ ಕಚ್ಚಿದ್ದು ಕಳಚಿ ನೀರು ಕುಡಿದು ಸಾಯುತ್ತಾರೆ. ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಕೆಳಗೆ ಉಸಿರಾಡುವಂತಿಲ್ಲ. ನಮ್ಮ ಮಾಮೂಲಿ ಗಾಳಿಯೇ 66 ಮೀಟರಿನಲ್ಲಿ ಆ ಅಪಾಯದ ಗೆರೆ ಮುಟ್ಟುತ್ತದೆ.

ಈ ವಿಷಯದಲ್ಲಿ ತಮ್ಮ ಮೈಯನ್ನೇ ಪ್ರಯೋಗಕ್ಕೆ ಒಡ್ಡಿದವರೊಬ್ಬರು ಕೊನೆಗೆ ನಮ್ಮ ದೇಶದವರೇ ಆದರು. ಜೆ.ಬಿ.ಎಸ್. ಹಾಲ್ಡೇನ್ ಹೆಸರು ಜೀವಶಾಸ್ತ್ರ ಓದಿದವರಿಗೆ ಗೊತ್ತು. 1939ರಲ್ಲಿ ಥೆಟಿಸ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತ ಮೇಲೆ, ಒತ್ತಡದಲ್ಲಿ ಉಸಿರು ಏನಾಗುತ್ತದೆಂದು ತಿಳಿಯಲು ಅವರು ಉಕ್ಕಿನ ಕೋಣೆಯೊಳಗೆ ತಾವೇ ಕುಳಿತರು. ಸೆಳೆತ ಬಂದು ಬೆನ್ನುಮೂಳೆಗೆ ಪೆಟ್ಟಾಯಿತು. 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಇಂದು ಡೈವರ್ ಒಬ್ಬ ತನ್ನ ಸಿಲಿಂಡರಿನ ಮೇಲೆ “ಇಷ್ಟು ಮೀಟರಿಗಿಂತ ಕೆಳಗೆ ಬೇಡ” ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುತ್ತಾನಲ್ಲ, ಆ ಅಂಕಿಯ ಹಿಂದೆ ಇಂಥವರ ಬೆನ್ನುನೋವು ಇದೆ.

ಎರಡೂ ತೊಂದರೆಗೆ ಪರಿಹಾರವಾಗಿ ಬಂದದ್ದು ಹೀಲಿಯಂ. ಅದರ ಮೊದಲ ಸುಳಿವು ಸಿಕ್ಕಿದ್ದೂ ನಮ್ಮ ಪಕ್ಕದ ಆಂಧ್ರದ ನೆಲದಲ್ಲೇ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ವಿಜ್ಞಾನಿಗಳು ಗುಂಟೂರು, ಮಚಲೀಪಟ್ಟಣಗಳಲ್ಲಿ ಬೀಡುಬಿಟ್ಟಿದ್ದರು. ಸೂರ್ಯನ ಬೆಳಕಿನಲ್ಲಿ ಆಗ ಕಂಡ ಹಳದಿ ಗೆರೆಯೊಂದು ಮುಂದೆ ಹೀಲಿಯಂ ಎಂಬ ಧಾತುವಿನದೆಂದು ತಿಳಿಯಿತು. ಈ ಅನಿಲ ಹಗುರ, ಅಮಲೇರಿಸುವುದಿಲ್ಲ. ಪುಟ್ಟ 80 ಮೀಟರಿಗೆ ಆರಿಸಿಕೊಂಡ ಮಿಶ್ರಣದಲ್ಲಿ ಶೇಕಡಾ 15 ಆಮ್ಲಜನಕ, 50 ಹೀಲಿಯಂ, ಉಳಿದ 35 ಸಾರಜನಕ. ಒಂಬತ್ತರಿಂದ ಗುಣಿಸಿ ನೋಡಿದೆ. ಆಮ್ಲಜನಕ ಅಪಾಯದ ಗೆರೆಯಿಂದ ಈಚೆಗೇ ನಿಲ್ಲುತ್ತದೆ. ಸಾರಜನಕದ ಅಮಲು 30 ಮೀಟರಿನಲ್ಲಿ ಬರಿಯ ಗಾಳಿ ಕೊಡುವಷ್ಟೇ.

ಆದರೆ ಬೆಲ್ಲ ಇದ್ದಲ್ಲಿ ಇರುವೆ. ಹೀಲಿಯಂ ದುಬಾರಿ, ನಮ್ಮ ದೇಶಕ್ಕೆ ಹೊರಗಿನಿಂದ ಬರಬೇಕು. ದೇಹದ ಬಿಸಿಯನ್ನು ಬೇಗ ಕದಿಯುತ್ತದೆ. 150 ಮೀಟರಿಗಿಂತ ಕೆಳಗೆ ಅವಸರದಲ್ಲಿ ಇಳಿದವರಿಗೆ ಕೈಕಾಲು ನಡುಕ ಬರುತ್ತದೆ, ದೃಷ್ಟಿ ಅದುರುತ್ತದೆ. ಇನ್ನೂ ಆಳಕ್ಕೆ, 270 ಮೀಟರಿಗೆ ಹೋಗುವುದಾದರೆ ಮಿಶ್ರಣದಲ್ಲಿ ಆಮ್ಲಜನಕ ಶೇಕಡಾ 5 ಮಾತ್ರ ಇರಬೇಕು. ಅದನ್ನು ದಡದ ಮೇಲೆ ಉಸಿರಾಡಿದರೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ! ಹಾಗಾಗಿ ಹೋಗುವಾಗ ಒಂದು ಸಿಲಿಂಡರ್, ತಳಕ್ಕೆ ಒಂದು, ಬರುವಾಗ ಒಂದೊಂದು ಆಳಕ್ಕೆ ಒಂದೊಂದು. ಕತ್ತಲಲ್ಲಿ, ಮರಗಟ್ಟಿದ ಬೆರಳಿನಲ್ಲಿ, ಅದನ್ನು ಬಿಟ್ಟು ಇದನ್ನು ಬಾಯಿಗೆ ಇಟ್ಟುಕೊಂಡರೆ ಕಥೆ ಮುಗಿಯಿತು.

ಇನ್ನು ಆ 12 ಗಂಟೆಯ ಏರಿನ ವಿಷಯ. ಗೋಲಿ ಸೋಡ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಗೋಲಿ ಒತ್ತುವ ತನಕ ಬಾಟಲಿಯೊಳಗೆ ನೀರು ತಿಳಿಯಾಗಿರುತ್ತದೆ. ಒತ್ತಿದ ಕೂಡಲೇ ಬುಸ್ಸೆಂದು ನೊರೆ. ಆಳದಲ್ಲಿ ಒತ್ತಡಕ್ಕೆ ಸಿಕ್ಕಿದ ಅನಿಲ ರಕ್ತದಲ್ಲಿ, ಕೊಬ್ಬಿನಲ್ಲಿ, ನರಗಳಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಏರಿದರೆ ಉಸಿರಿನ ಮೂಲಕ ಹೊರಟುಹೋಗುತ್ತದೆ. ಅವಸರದಲ್ಲಿ ಏರಿದರೆ ಮನುಷ್ಯನೇ ಸೋಡ ಬಾಟಲಿ. ಗುಳ್ಳೆ ಕೀಲಿನಲ್ಲಿ ಕೂತರೆ ನೋವು, ಬೆನ್ನುಹುರಿಯಲ್ಲಿ ಕೂತರೆ ಲಕ್ವ, ಕಿವಿಯೊಳಗೆ ಕೂತರೆ ನಿಲ್ಲಲಾಗದಂಥ ತಲೆಸುತ್ತು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟಿದ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1870ರ ದಶಕದಲ್ಲಿ ಹಾಸಿಗೆ ಹಿಡಿದದ್ದು ನದಿಯ ತಳದ ಒತ್ತಡದ ಕೋಣೆಗಳಲ್ಲಿ ಕೆಲಸ ಮಾಡಿದ್ದರಿಂದ.

ಹಂತಹಂತವಾಗಿ ನಿಂತು ನಿಂತು ಏರಬೇಕು ಎಂಬ ಪಟ್ಟಿಯನ್ನು ಆಡುಗಳ ಮೇಲೆ ಪ್ರಯೋಗ ಮಾಡಿ 1908ರಲ್ಲಿ ಕೊಟ್ಟವರು ಜಾನ್ ಸ್ಕಾಟ್ ಹಾಲ್ಡೇನ್. ಮೇಲೆ ಹೇಳಿದ ಹಾಲ್ಡೇನರ ತಂದೆ. ಪುಟ್ಟನ ಲೆಕ್ಕದಲ್ಲಿ ಒಂಬತ್ತು ನಿಮಿಷದ ತಳವಾಸಕ್ಕೂ ಮೇಲೆ ಬರುವಾಗ ಹಲವು ನಿಲ್ದಾಣಗಳಿದ್ದವು. ತಲೆಯ ಮೇಲೆ ಬಿಸಿಲು ಕಾಣುತ್ತಿರುತ್ತದೆ, ದೋಣಿ ಕಾಣುತ್ತಿರುತ್ತದೆ. ಆದರೂ ಹೋಗುವಂತಿಲ್ಲ. ಹಗ್ಗ ಹಿಡಿದು ನೇತಾಡುತ್ತಾ ಕಾಯಬೇಕು. ನಮ್ಮ ಅಜ್ಜಿಯರು ಕಾಣದ ಛಾವಣಿಗೆ ತಲೆ ಬಡಿದುಕೊಳ್ಳಬೇಡ ಎನ್ನುತ್ತಿದ್ದರೆ, ಇಲ್ಲಿ ಆ ಛಾವಣಿ ನಿಜವಾಗಿಯೂ ಇದೆ.

ಬೆಂಗಳೂರಿನವರಿಗೆ ಇದರಲ್ಲಿ ಇನ್ನೊಂದು ಎಚ್ಚರಿಕೆ ಇದೆ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಯ ಹತ್ತರಲ್ಲಿ ಒಂಬತ್ತು ಪಾಲು. ಮುರುಡೇಶ್ವರದಲ್ಲಿ ಮುಳುಗಿ ಎದ್ದು ಅಂದೇ ರಾತ್ರಿ ಬಸ್ಸು ಹಿಡಿದು ಘಟ್ಟ ಹತ್ತುವುದೆಂದರೆ, ಗೋಲಿಯನ್ನು ಇನ್ನೊಂದು ಸ್ವಲ್ಪ ಒತ್ತಿದಂತೆಯೇ. ವಿಮಾನ ಹತ್ತುವವರು ಹಲವು ಸಲ ಮುಳುಗಿದ್ದರೆ ಕನಿಷ್ಠ 18 ಗಂಟೆ ಬಿಡಬೇಕೆಂಬ ಸಲಹೆ ಇದೆ. ಪುಟ್ಟ ಪ್ರತಿ ಸಲವೂ ಒಂದು ದಿನ ಹೆಚ್ಚಿಗೆ ಅಲ್ಲೇ ಉಳಿದು ಬರುತ್ತಿದ್ದ. ರಜೆ ಸಿಕ್ಕಿದೆ ಎಂದು ಮಜಾ ಮಾಡುತ್ತಿದ್ದಾನೆಂದು ಅವರಮ್ಮ ಗೊಣಗುತ್ತಿದ್ದಳು. ಕಾರಣ ತಿಳಿದ ಮೇಲೆ ಸುಮ್ಮನಾದಳು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಉಸಿರು ಹೊರಹಾಕುವ ಸಂಗತಿ. ಗಾಳಿ ಒಳಗೆಳೆಯುವುದರ ಬಗ್ಗೆಯೇ ನಾವೆಲ್ಲ ಯೋಚಿಸುತ್ತೇವೆ. ಒತ್ತಡ ಹೆಚ್ಚಿದಂತೆ ಅನಿಲ ಮಂದವಾಗುತ್ತದೆ. ಗಂಜಿ ಹೀರಿದಂತೆ ಹೀರಬೇಕು, ಊದಬೇಕು. ಅಂಥ ಹೊತ್ತಿನಲ್ಲಿ ಮೈಮುರಿದು ಕೆಲಸ ಮಾಡಿದರೆ ದೇಹದೊಳಗಿನ ಇಂಗಾಲದ ಡೈ ಆಕ್ಸೈಡ್ ಪೂರ್ತಿ ಹೊರಗೆ ಹೋಗುವುದಿಲ್ಲ. ಅದು ಸೇರಿದಂತೆ ಏದುಸಿರು, ಏದುಸಿರಿನಿಂದ ಇನ್ನಷ್ಟು ಆಯಾಸ, ಕೊನೆಗೆ ಪ್ರಜ್ಞೆ ತಪ್ಪುವುದು. ಸಿಲಿಂಡರಿನಲ್ಲಿ ಗಾಳಿ ಇದ್ದೂ ಮನುಷ್ಯ ಸಾಯುತ್ತಾನೆ.

ಆಸ್ಟ್ರೇಲಿಯಾದ ವಿಮಾನ ಚಾಲಕ ಡೇವ್ ಷಾ ಸತ್ತದ್ದು ಹೀಗೆಯೇ. ದಕ್ಷಿಣ ಆಫ್ರಿಕಾದ ಬೂಸ್ಮನ್ಸ್‌ಗಾಟ್ ಎಂಬ ನೀರಿನ ಗುಹೆಯಲ್ಲಿ 1994ರಲ್ಲಿ ಡಿಯಾನ್ ಡ್ರೇಯರ್ ಎಂಬ ಯುವಕ ಮುಳುಗಿಹೋಗಿದ್ದ. ಹತ್ತು ವರ್ಷದ ಮೇಲೆ, 2004ರ ಅಕ್ಟೋಬರ್‌ನಲ್ಲಿ, 270 ಮೀಟರ್ ತಳದಲ್ಲಿ ಷಾ ಅವನ ದೇಹವನ್ನು ಕಂಡರು. ಮಗನ ಮುಖವನ್ನೂ ನೋಡದೆ ಹತ್ತು ವರ್ಷ ಕಳೆದ ತಂದೆತಾಯಿಗೆ ಅದನ್ನು ತಂದುಕೊಡಬೇಕೆಂದು 2005ರ ಜನವರಿ 8ರಂದು ಮತ್ತೆ ಇಳಿದರು. ದೇಹವನ್ನು ಚೀಲಕ್ಕೆ ಸೇರಿಸುವ ಹೆಣಗಾಟದಲ್ಲಿ ಹಗ್ಗ ತೊಡರಿಕೊಂಡಿತು, ಉಸಿರು ಏರಿತು. ಅವರ ತಲೆಗೆ ಕಟ್ಟಿದ್ದ ಕ್ಯಾಮೆರಾದಲ್ಲಿ ಆ ಉಸಿರಾಟದ ಶಬ್ದ ದಾಖಲಾಗಿದೆ. ಅವರನ್ನು ಹುಡುಕಿ ಕೆಳಗಿಳಿದ ಗೆಳೆಯ ಡಾನ್ ಷರ್ಲಿ ಕಿವಿಯೊಳಗೆ ಗುಳ್ಳೆ ಕೂತು ಸಾವಿನ ಬಾಗಿಲಿನಿಂದ ಹಿಂದಿರುಗಿದರು. ನಾಲ್ಕು ದಿನದ ನಂತರ ಪೊಲೀಸರು ಹಗ್ಗಗಳನ್ನು ಎಳೆದಾಗ ಡ್ರೇಯರ್ ಮತ್ತು ಷಾ ಇಬ್ಬರ ದೇಹವೂ ಒಟ್ಟಿಗೆ ಮೇಲೆ ಬಂದವು. ಕೊಟ್ಟ ಮಾತು ಆ ರೀತಿಯಲ್ಲಿ ನಡೆಯಿತು.

ಇದನ್ನು ಓದಿದಾಗ ನನಗೆ ನಮ್ಮವರೇ ಆದ ಈಶ್ವರ ಮಲ್ಪೆ ನೆನಪಾದರು. 2024ರ ಜುಲೈನಲ್ಲಿ ಅಂಕೋಲದ ಶಿರೂರಿನಲ್ಲಿ ಗುಡ್ಡ ಕುಸಿದು, ಲಾರಿ ಸಮೇತ ಜನ ಗಂಗಾವಳಿ ನದಿ ಪಾಲಾದಾಗ, ಉಕ್ಕುವ ಕೆಂಪು ನೀರಿಗೆ ಇಳಿದು ಹುಡುಕಿದವರಲ್ಲಿ ಅವರೂ ಒಬ್ಬರು. ಆಳ 270 ಮೀಟರ್ ಅಲ್ಲದಿರಬಹುದು. ದಡದಲ್ಲಿ ಕಾಯುತ್ತಾ ನಿಂತ ತಾಯಿಯ ಕಣ್ಣಿಗೆ ನೀರಿನ ಆಳ ಎಲ್ಲ ಕಡೆಯೂ ಒಂದೇ.

ನಮ್ಮ ಬಾವಿ ತೋಡುವವರಿಗೂ ಈ ಲೆಕ್ಕ ಗೊತ್ತಿತ್ತು. ಬಹಳ ದಿನ ಮುಚ್ಚಿದ ಬಾವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಿದ್ದರು. ದೀಪ ಆರಿದರೆ ಅಂದು ಕೆಲಸವಿಲ್ಲ. ದೀಪಕ್ಕೆ ಎಲ್ಲ ವಿಷಗಾಳಿಯೂ ತಿಳಿಯುವುದಿಲ್ಲ ನಿಜ. ಆದರೆ ಮನುಷ್ಯನಿಗಿಂತ ಮುಂಚೆ ಏನನ್ನಾದರೂ ಕಳಿಸಿ ನೋಡಬೇಕೆಂಬ ವಿವೇಕ ಅದರಲ್ಲಿತ್ತು. ಇಂದು ಹತ್ತು ಅಡಿಯ ಮ್ಯಾನ್‌ಹೋಲಿಗೆ ದೀಪವೂ ಇಲ್ಲದೆ, ಹಗ್ಗವೂ ಇಲ್ಲದೆ ಮನುಷ್ಯರನ್ನು ಇಳಿಸಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಒಬ್ಬ ಬಿದ್ದ, ಅವನನ್ನು ಎತ್ತಲು ಹೋದ ಇನ್ನೊಬ್ಬನೂ ಬಿದ್ದ. 2013ರಲ್ಲೇ ಅದನ್ನು ತಡೆಯುವ ಕಾಯಿದೆ ಬಂದಿದೆ. ಖುಷಿಗಾಗಿ ಇಳಿಯುವ ಪುಟ್ಟನಿಗೆ ಒಂದೊಂದು ಉಸಿರಿಗೂ ಲೆಕ್ಕವಿದೆ. ಹೊಟ್ಟೆಪಾಡಿಗಾಗಿ ಇಳಿಯುವವನಿಗೆ ಯಾರೂ ಒಂದು ಉಸಿರಿನ ಲೆಕ್ಕವನ್ನೂ ಹಾಕಿಲ್ಲ. ಆ ಭಾನುವಾರದ ನೋಟ್‌ಬುಕ್ಕಿನಲ್ಲಿ ನನಗೆ ನುಂಗಲಾಗದೆ ಉಳಿದ ಸಂಗತಿ ಇದು.

ಕೊನೆಗೆ ನಾನು ಪುಟ್ಟನಿಗೆ ಬೇಡ ಎನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: “ಯಾವ ಯಾವ ಕಾರಣಕ್ಕೆ ಅರ್ಧ ದಾರಿಯಲ್ಲಿ ವಾಪಸು ಬರ್ತೀಯ, ಬರೆದುಕೊಡು.” ಅವನು ಹನ್ನೊಂದು ಕಾರಣ ಬರೆದ. ಆ ಹಾಳೆಯನ್ನು ಅವನ ಅಮ್ಮನ ಕೈಗೆ ಕೊಟ್ಟೆ. ಅವಳಿಗೆ ಲೆಕ್ಕ ಅರ್ಥವಾಗಲಿಲ್ಲ, ಪಟ್ಟಿ ಅರ್ಥವಾಯಿತು. ದೇವರ ಗೂಡಿನಲ್ಲಿ ಮಡಿಸಿಟ್ಟಳು.

ಪುಟ್ಟ ದಹಬ್‌ಗೆ ಹೋದ. ಮೂರು ದಿನ ಚಿಕ್ಕ ಚಿಕ್ಕ ಆಳದಲ್ಲಿ ಅಭ್ಯಾಸ. ನಾಲ್ಕನೆಯ ದಿನ 80 ಮೀಟರಿಗೆ ಹೊರಟವನು 45 ಮೀಟರ್ ಇಳಿದಾಗ, ಮೀಟರಿನಲ್ಲಿ ಗಾಳಿ ತಾನು ಎಣಿಸಿದ್ದಕ್ಕಿಂತ ಕಡಿಮೆ ತೋರಿಸಿತು. ಬಹಳ ಅಲ್ಲ, ಸ್ವಲ್ಪವೇ. ಪಟ್ಟಿಯಲ್ಲಿ ಅದು ನಾಲ್ಕನೆಯ ಕಾರಣ. ಜೊತೆಗಾರನಿಗೆ ಹೆಬ್ಬೆರಳು ಮೇಲೆ ಮಾಡಿ ತೋರಿಸಿದ. ಅವರ ಭಾಷೆಯಲ್ಲಿ ಅದಕ್ಕೆ “ಮುಗಿಯಿತು, ಮೇಲೆ ಹೋಗೋಣ” ಎಂದರ್ಥ. ಏಕೆ ಎಂದು ಜೊತೆಗಾರ ಕೇಳುವಂತಿಲ್ಲ. ಇಬ್ಬರೂ ತಿರುಗಿದರು. ನೋಡಿದರೆ ಒಂದು ಕೊಳವೆಯ ಸೇರುವೆಯಲ್ಲಿ ಸಣ್ಣಗೆ ಗುಳ್ಳೆ ಸೋರುತ್ತಿತ್ತು. ಮರುದಿನ ಗಾಳಿ ಜೋರಾಗಿ ಸಮುದ್ರ ಕೆಟ್ಟಿತು. ರಜೆ ಮುಗಿಯಿತು. ಕೂಡಿಟ್ಟ ಹಣವೂ ಮುಗಿಯಿತು.

ಆಫೀಸಿನ ಗೆಳೆಯರು ಗೇಲಿ ಮಾಡಿದರಂತೆ. ಅಷ್ಟು ದೂರ ಹೋಗಿ ಅರ್ಧಕ್ಕೇ ಬಂದೆಯಾ ಎಂದು. ನಮ್ಮ ಮನೆಯಲ್ಲಿ ಮಾತ್ರ ಆ ದಿನ ಹೋಳಿಗೆ ಆಯಿತು. ಮುಂದಿನ ವರ್ಷ ಮತ್ತೆ ಹೋಗುತ್ತಾನಂತೆ. ಹೋಗಲಿ. ತಿರುಗುವುದನ್ನು ಕಲಿತವನನ್ನು ಕಳಿಸುವುದಕ್ಕೆ ನನಗೆ ಅಷ್ಟೊಂದು ಹೆದರಿಕೆ ಇಲ್ಲ.

ಎಷ್ಟು ಆಳಕ್ಕೆ ಯಾರು ಇಳಿದರು ಎಂಬುದು ದಾಖಲೆ ಪುಸ್ತಕಗಳಲ್ಲಿ ಸಿಗುತ್ತದೆ. ಅರ್ಧ ದಾರಿಯಲ್ಲಿ ಹೆಬ್ಬೆರಳು ಎತ್ತಿ ವಾಪಸು ಬಂದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರ ಹೆಸರು ಅವರವರ ಮನೆಯ ರೇಷನ್ ಕಾರ್ಡಿನಲ್ಲಿ ಹಾಗೆಯೇ ಉಳಿದಿರುತ್ತದೆ.